ಊರ ಹಾಲ್‌ನಲ್ಲಿ ಯುದ್ಧದ ಮೂಕಿ ಚಿತ್ರ ಹಾಕುವುದು ಹೇಗೆ

ಮೂಕಿ ಸಿನಿಮಾ ಹಾಕುತ್ತೇವೆ ಅಂದರೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ: "ಚಾಪ್ಲಿನ್ನದಾ?" ಅಲ್ಲ, ಯುದ್ಧದ ಕಥೆ, ನಾಲ್ಕು ಗಂಡು ಮಕ್ಕಳ ತಾಯಿಯದ್ದು ಅಂದ ಕೂಡಲೇ ಮುಖ ಸಪ್ಪೆಯಾಗುತ್ತದೆ. ಮಾತೇ ಇಲ್ಲದ ಸಿನಿಮಾಕ್ಕೆ ಒಂದೂಮುಕ್ಕಾಲು ಗಂಟೆ ಯಾರು ಕೂರುತ್ತಾರೆ ಅಂತ. ಕೂರುತ್ತಾರೆ. ತೋರಿಸುವವರು ಸ್ವಲ್ಪ ತಯಾರಿ ಮಾಡಿಕೊಂಡಿರಬೇಕು, ಅಷ್ಟೇ.

ನನ್ನದು ಸೋಮವಾರಪೇಟೆ ಕಡೆ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕೆಲಸ. ಪ್ರೊಜೆಕ್ಟರ್ ತಂದದ್ದು ಮದುವೆಮನೆಯಲ್ಲಿ ಫೋಟೋ ತೋರಿಸಲಿಕ್ಕೆ, ಕ್ರಿಕೆಟ್ ಮ್ಯಾಚಿಗೆ. ಹಳೇ ಸಿನಿಮಾದ ಹುಚ್ಚು ಮೊದಲಿಂದಲೂ ಇತ್ತು. ಸಾಮಾನು ಮನೆಯಲ್ಲೇ ಇದೆಯಲ್ಲ ಅಂತ ಶುರು ಮಾಡಿದೆ. ಈಗ ಬೇರೆ ಊರಿನವರೂ ಹೇಗೆ ಮಾಡುವುದು ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಯಾವ ಚಿತ್ರ

ನಾನು ಹಾಕುವುದು ಜಾನ್ ಫೋರ್ಡ್ ಮಾಡಿದ 'ಫೋರ್ ಸನ್ಸ್'. 1928ರದ್ದು, ಫಾಕ್ಸ್ ಕಂಪನಿಯ ಚಿತ್ರ, ಸುಮಾರು 100 ನಿಮಿಷ. ಜರ್ಮನಿಯ ಬವೇರಿಯಾದ ಒಂದು ಹಳ್ಳಿ. ಬೆರ್ನ್‌ಲೆ ಅನ್ನುವ ವಿಧವೆ ತಾಯಿ, ನಾಲ್ಕು ಗಂಡು ಮಕ್ಕಳು. ಅದರಲ್ಲಿ ಯೋಸೆಫ್ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ತಿನ್ನುವ ಸಾಮಾನಿನ ಅಂಗಡಿ ಇಡುತ್ತಾನೆ. ಆಮೇಲೆ ಯುದ್ಧ. ಇಬ್ಬರು ಮಕ್ಕಳು ರಷ್ಯಾದ ಕಡೆ ಹೋಗಿ ಸಾಯುತ್ತಾರೆ. ತಾಯಿ ಹತ್ತಿರ ಉಳಿದಿದ್ದ ಒಬ್ಬನನ್ನೂ ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಾರೆ. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತಲ್ಲ, ಆಗ ಯೋಸೆಫ್ ಆ ಕಡೆಯ ಸಮವಸ್ತ್ರ ಹಾಕುತ್ತಾನೆ. ಒಂದೇ ಮನೆಯ ಮಕ್ಕಳು ಎದುರಾಬದುರು ಸೈನ್ಯದಲ್ಲಿ. ಯುದ್ಧ ಮುಗಿದ ಮೇಲೆ ತಾಯಿ ಅಮೆರಿಕಕ್ಕೆ ಹೊರಡುತ್ತಾಳೆ.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಇದರಲ್ಲಿ ರಣರಂಗ ಕಡಿಮೆ, ಮನೆ ಜಾಸ್ತಿ. 1925ರ 'ದಿ ಬಿಗ್ ಪರೇಡ್' ದೊಡ್ಡ ಚಿತ್ರವೇ. ಆದರೆ ಎರಡೂವರೆ ಗಂಟೆ. ಅಬೆಲ್ ಗಾನ್ಸ್ 1919ರಲ್ಲಿ ಮಾಡಿದ 'ಜಾಕ್ಯೂಸ್' ಇನ್ನೂ ಉದ್ದ. ಹಳ್ಳಿಯ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಷ್ಟು ಹೊತ್ತು ಕೂರಿಸುವುದು ಅನ್ಯಾಯ. ಇನ್ನೊಂದು ಕಾರಣವೂ ಇದೆ. ಯುದ್ಧ ಮುಗಿದು ಹತ್ತೇ ವರ್ಷ ಆಗಿತ್ತು. ಜರ್ಮನಿ ವಿರುದ್ಧ ಹೋರಾಡಿದ ದೇಶದಲ್ಲಿ ಕೂತು, ಜರ್ಮನ್ ತಾಯಿಯನ್ನು ನಡುಮನೆಯಲ್ಲಿ ಕೂರಿಸಿ ಕಥೆ ಹೇಳಿದ್ದಾರೆ. ನನಗೆ ಅದು ಸಣ್ಣ ಧೈರ್ಯ ಅನ್ನಿಸುವುದಿಲ್ಲ. ತಾಯಿಯ ಪಾತ್ರ ಮಾಡಿದವರು ಮಾರ್ಗರೆಟ್ ಮನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು, ಆಗ ವಯಸ್ಸು 60ರ ಹತ್ತಿರ.

ಹಕ್ಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದಿಂದ ಆಚೆಗೆ 60 ವರ್ಷ. ಅಮೆರಿಕದಲ್ಲಿ 95 ವರ್ಷ, ಅದೂ 2023ರ ಕೊನೆಗೆ ಮುಗಿದಿದೆ. ಹಕ್ಕಿಗಾಗಿ ಯಾರ ಕಾಲಿಗೂ ಬೀಳಬೇಕಾಗಿಲ್ಲ. ಆದರೆ ಈಚೆಗೆ ಯಾರಾದರೂ ಹೊಸ ಸಂಗೀತ ಕೂಡಿಸಿದ್ದರೆ ಅದರ ಹಕ್ಕು ಬೇರೆ. ಅಂಥ ಪ್ರತಿ ಸಿಕ್ಕರೆ ಸದ್ದು ಬಂದ್ ಮಾಡಿ, ನಿಮ್ಮದೇ ಸಂಗೀತ ಇಟ್ಟುಕೊಳ್ಳಿ.

ಮೊದಲು ಮನೆಗಳಿಗೆ ಹೋಗಿ

ಪೋಸ್ಟರ್ ಅಂಟಿಸುವ ಮೊದಲು ಮಾಡಬೇಕಾದ ಕೆಲಸ ಇದು. ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಊರು ಹುಡುಕುವುದು ಕಷ್ಟ. ಕಾರ್ಯಪ್ಪ, ತಿಮ್ಮಯ್ಯ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ಸರಿ. ಆದರೆ ಹೋದವರು ಬಾರದ ಮನೆಗಳೂ ಇವೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವೆ 23 ವರ್ಷ. ಅಷ್ಟು ದೊಡ್ಡ ಹೆಸರಿನವರ ಮನೆಯಲ್ಲೇ ಹೀಗಾದರೆ, ಪೇಪರಿನಲ್ಲಿ ಹೆಸರೇ ಬಾರದವರ ಮನೆಗಳ ಕಥೆ ಕೇಳಬೇಕಾ?

ಹಾಗಾಗಿ ಅಂಥ ಮನೆಗಳಿಗೆ ನಾನೇ ಹೋಗಿ ಕಥೆ ಪೂರ್ತಿ ಹೇಳುತ್ತೇನೆ. ಕೊನೆ ಸಮೇತ. ಸಸ್ಪೆನ್ಸ್ ಹಾಳಾಗುತ್ತದೆ ಅನ್ನುವ ಚಿಂತೆ ಬೇಡ. ಮೂರು ಮಕ್ಕಳು ಸಾಯುತ್ತಾರೆ ಅನ್ನುವುದು ಹಾಲ್‌ನಲ್ಲಿ ಇದ್ದಕ್ಕಿದ್ದಂತೆ ಗೊತ್ತಾಗುವುದಕ್ಕಿಂತ ಮನೆ ಜಗಲಿಯಲ್ಲಿ ಗೊತ್ತಾಗುವುದು ಒಳ್ಳೆಯದು. ನಮ್ಮೂರಿನಲ್ಲಿ ಎಲ್ಲರೂ 'ಸುಬೇದಾರ್ ಮಾವ' ಅನ್ನುವ ಹಿರಿಯರಿದ್ದಾರೆ. ಅವರು ಕಥೆ ಕೇಳಿ, "ಇದು ಜರ್ಮನಿಯವರದ್ದಾ, ಅಮೆರಿಕದವರದ್ದಾ?" ಅಂದರು.

"ಎರಡೂ ಕಡೆ ಅದೇ ಮನೆಯವ್ರೇ, ಮಾವ."

"ಹಂಗಾದ್ರೆ ನಂಗೆ ಬಾಗ್ಲ ಹತ್ರ ಒಂದು ಕುರ್ಚಿ ಹಾಕು. ಎದ್ದು ಹೋದ್ರೆ ಯಾರೂ ತಿರುಗಿ ನೋಡ್ಬಾರ್ದು."

ಅವತ್ತಿನಿಂದ ಬಾಗಿಲ ಪಕ್ಕದ ಒಂದು ಸಾಲು ಕುರ್ಚಿ ಖಾಲಿ ಇಡುತ್ತೇನೆ. ಅಲ್ಲಿ ಮಕ್ಕಳನ್ನು ಕೂರಲು ಬಿಡಬೇಡಿ. ಬಾಗಿಲಿಗೆ ಪರದೆ ಕಟ್ಟಿ, ಕದ ತೆಗೆದರೂ ಬೆಳಕು ಒಳಗೆ ಬಾರದ ಹಾಗೆ.

ನೋಟ್‌ಬುಕ್

ಇಡೀ ಕೆಲಸದಲ್ಲಿ ಕಷ್ಟದ್ದೂ ಇದೇ, ಖುಷಿಯದ್ದೂ ಇದೇ. ಮೂಕಿ ಚಿತ್ರದಲ್ಲಿ ಮಾತಿನ ಬದಲು ಪರದೆಯ ಮೇಲೆ ಬರಹ ಬರುತ್ತದೆ. ಇಂಗ್ಲಿಷಿನಲ್ಲಿ. ನಾನು ಅದಕ್ಕೆ 'ಹಲಗೆ' ಅನ್ನುತ್ತೇನೆ. ಹಲಗೆ ಬಂದಾಗಲೆಲ್ಲ ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಹೇಳಬೇಕು. ಇದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಜಪಾನಿನಲ್ಲಿ ಇದಕ್ಕೆಂದೇ ಬೆನ್ಶಿ ಅನ್ನುವ ಕಲಾವಿದರಿದ್ದರು. ನಮ್ಮ ದೇಶದ ಮೂಕಿ ಚಿತ್ರಗಳಲ್ಲೂ ಬರಹ ಎರಡು ಮೂರು ಭಾಷೆಯಲ್ಲಿ ಇರುತ್ತಿತ್ತು, ಓದಲು ಬಾರದವರಿಗೆ ಓದು ಬಂದವರು ಜೋರಾಗಿ ಹೇಳುತ್ತಿದ್ದರು.

ಒಂದು 200 ಪುಟದ ನೋಟ್‌ಬುಕ್ ತನ್ನಿ. ಪ್ರತಿ ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಮೊದಲನೆಯದರಲ್ಲಿ ಹಲಗೆ ಬರುವ ನಿಮಿಷ, ಸೆಕೆಂಡು. ಎರಡನೆಯದರಲ್ಲಿ ಅದಕ್ಕೆ ಮೊದಲು ಕಾಣುವ ಚಿತ್ರ, ಯಾಕೆಂದರೆ ಕತ್ತಲಲ್ಲಿ ಗಡಿಯಾರ ನೋಡುವುದಕ್ಕಿಂತ ಪರದೆ ನೋಡುವುದು ಸುಲಭ. ಮೂರನೆಯದರಲ್ಲಿ ನೀವು ಹೇಳುವ ಮಾತು. ನಾಲ್ಕನೆಯದನ್ನು ಖಾಲಿ ಬಿಡಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಾತು ಎಷ್ಟು ಉದ್ದ ಇರಬೇಕು? ಐದು ಸೆಕೆಂಡಿನ ಹಲಗೆಗೆ ಎಂಟು ಪದ ಸಾಕು. ಚಿತ್ರ ವಾಪಸ್ ಬರುವ ಮೊದಲೇ ನಿಮ್ಮ ಬಾಯಿ ಮುಚ್ಚಿರಬೇಕು. ಇಂಗ್ಲಿಷಿನಲ್ಲಿ ಇದ್ದದ್ದೆಲ್ಲ ಹೇಳಬೇಕು ಅಂತ ಹಟ ಹಿಡಿದರೆ, ಹೇಳಿ ಮುಗಿಸುವಾಗ ಆ ಕಡೆ ಮಗ ಮನೆ ಬಿಟ್ಟು ಹೋಗಿಯೇ ಆಗಿರುತ್ತದೆ. ಅರ್ಧಕ್ಕೆ ಇಳಿಸಿ. ಅದರಲ್ಲೂ ಅರ್ಧ ಪರದೆಯೇ ಹೇಳುತ್ತದೆ.

ಹೆಸರುಗಳು ದೊಡ್ಡ ತಲೆನೋವು. ಫ್ರಾಂಜ್, ಯೋಹಾನ್, ಆಂದ್ರೆಯಾಸ್, ಯೋಸೆಫ್. ನಾಲ್ವರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಾರೆ, ಬಣ್ಣ ಬೇರೆ ಇಲ್ಲ. ಯಾರು ಸತ್ತದ್ದು ಅಂತ ಪಕ್ಕದವರನ್ನು ಕೇಳುವ ಸದ್ದೇ ಹಾಲ್ ತುಂಬಾ ಆಗುತ್ತದೆ. ಅದಕ್ಕೆ ಗುರುತು ಕೊಡಿ. ಫ್ರಾಂಜ್ ಬರುವಾಗಲೆಲ್ಲ 'ಮಿಲಿಟರಿಯವನು'. ಯೋಸೆಫ್ 'ಅಮೆರಿಕದವನು'. ಆಂದ್ರೆಯಾಸ್ 'ಮನೇಲಿ ಉಳಿದವನು'. ಆಗ ಯೋಹಾನ್ ಯಾರು ಅಂತ ತಾನಾಗೇ ಗೊತ್ತಾಗುತ್ತದೆ. ಸಿನಿಮಾ ಶುರುವಾಗುವ ಮೊದಲೇ ನಾಲ್ಕು ಫೋಟೋ ಒಂದೊಂದಾಗಿ ಪರದೆಯ ಮೇಲೆ ಹಾಕಿ ತೋರಿಸಿದರೆ ಇನ್ನೂ ಒಳ್ಳೆಯದು.

ಭಾಷೆ ಯಾವುದು ಅಂತ ಕೇಳುತ್ತಾರೆ. ನಮ್ಮ ಹಾಲ್‌ನಲ್ಲಿ ಕೂರುವವರ ಮನೆಮಾತು ಕೊಡವ, ಅರೆಭಾಷೆ, ತುಳು, ಮಲಯಾಳ, ಎರವ ಏನು ಬೇಕಾದರೂ ಇರಬಹುದು. ತೋಟದ ಕೆಲಸದವರ ಲೈನ್‌ಮನೆಯಿಂದ ಬರುವ ಅಸ್ಸಾಮಿನ ಹುಡುಗರೂ ಇರುತ್ತಾರೆ. ಎಲ್ಲರಿಗೂ ಆಗಲಿ ಅಂತ ಎರಡು ಮೂರು ಭಾಷೆಯಲ್ಲಿ ಹೇಳಲು ಹೋಗಬೇಡಿ. ಒಂದೇ ಕನ್ನಡ, ಸುಲಭದ್ದು. ಉಳಿದದ್ದು ಮುಖ ನೋಡಿ ತಿಳಿಯುತ್ತದೆ. ಅಸ್ಸಾಮಿನ ಹುಡುಗರಿಗೆ ನನ್ನ ಕನ್ನಡ ಅರ್ಥವಾದದ್ದು ಅಷ್ಟಕ್ಕಷ್ಟೇ, ಸಿನಿಮಾ ಪೂರ್ತಿ ಅರ್ಥವಾಗಿತ್ತು.

ದನಿ ಬದಲಿಸಬೇಡಿ. ತಾಯಿಗೆ ಹೆಣ್ಣು ದನಿ, ಮೇಜರ್‌ಗೆ ಗಡಸು ದನಿ ಅಂತ ನಾಟಕ ಮಾಡಿದರೆ ಮಕ್ಕಳು ನಗುತ್ತಾರೆ, ಅದರ ಜೊತೆ ದೊಡ್ಡವರೂ ನಗುತ್ತಾರೆ. ಸುಮ್ನೆ ಪತ್ರ ಓದಿ ಹೇಳುವ ಹಾಗೆ ಹೇಳಿ.

ಈಗ ಆ ನಾಲ್ಕನೇ ಕಾಲಂ. ಅಲ್ಲಿ ಕೆಂಪು ಪೆನ್ನಿನಲ್ಲಿ 'ಮೈಕ್ ಬಂದ್' ಅಂತ ಬರೆಯುವ ಜಾಗಗಳಿವೆ. ಹೇಳುವವನಿಗೆ ಇಷ್ಟು ಹೊತ್ತು ಮಾತಾಡಿ ಮಾತಾಡಿ ಒಂದು ಚಟ ಹತ್ತಿರುತ್ತದೆ. "ಪಾಪ, ತಾಯಿಗೆ ಈಗ ಗೊತ್ತಾಗುತ್ತಿದೆ ನೋಡಿ" ಅಂತ ಬಾಯಿಂದ ಬಂದೇಬಿಡುತ್ತದೆ. ಅದನ್ನು ತಡೆಯಲಿಕ್ಕೇ ಕೆಂಪು ಪೆನ್ನು.

ಮೊದಲನೆಯದು ಪೋಸ್ಟ್‌ಮ್ಯಾನ್. ಚಿತ್ರದ ಶುರುವಿನಲ್ಲಿ ಅವನು ಊರಿಗೆಲ್ಲ ಬೇಕಾದವನು. ದುಂಡಗಿನ ಮನುಷ್ಯ, ದೊಡ್ಡ ಮೀಸೆ, ಕಾಗದ ಹಂಚುವುದೇ ಅವನಿಗೊಂದು ಹಬ್ಬ. ಇಲ್ಲಿ ನೀವು ಎಷ್ಟು ಬೇಕಾದರೂ ತಮಾಷೆ ಮಾಡಿ, ಜನ ನಗಲಿ, ನಗಬೇಕು ಕೂಡ. ಯುದ್ಧ ಶುರುವಾದ ಮೇಲೆ ಅದೇ ಮನುಷ್ಯ ಕಪ್ಪು ಅಂಚಿನ ಕಾಗದ ಹಿಡಿದು ಬರುತ್ತಾನೆ. ಅವನ ನಡಿಗೆಯೇ ಬೇರೆ. ಆ ಕಾಗದ ಏನು ಅಂತ ಹೇಳಬೇಡಿ. ನಮ್ಮಲ್ಲಿ ಸಾವಿನ ಕಾಗದದ ಮೂಲೆಗೆ ಕಪ್ಪು ಹಚ್ಚುತ್ತಿದ್ದದ್ದು ಹಿರಿಯರಿಗೆಲ್ಲ ನೆನಪಿದೆ, ಟೆಲಿಗ್ರಾಂ ಬಂದರೆ ಮನೆಯವರು ನಡುಗುತ್ತಿದ್ದದ್ದೂ ನೆನಪಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಅವನು ಬಾಗಿಲಿಗೆ ಬರುವ ಮೊದಲೇ ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಅವರಿಗೆ ನಾನು ಹೇಳುವುದೇನಿದೆ?

ಎರಡನೆಯದು ರಣರಂಗ. ಮಂಜು ಕವಿದಿದೆ. ಎದುರು ಕಡೆಯಿಂದ ಗಾಯಗೊಂಡ ಸೈನಿಕನೊಬ್ಬ ಅಮ್ಮನನ್ನು ಕರೆಯುವುದು ಯೋಸೆಫ್‌ಗೆ ಕೇಳಿಸುತ್ತದೆ. ನೀರು ಕೊಡಲು ಹೋಗುತ್ತಾನೆ. ಮುಂದಿನದ್ದು ನೀವೇ ನೋಡಿ. ಇಲ್ಲೂ ಹಲಗೆ ಬರುತ್ತದೆ, ಅದನ್ನೂ ನಾನು ಓದುವುದಿಲ್ಲ.

ಅದೇ ತಾಯಿ ಅಕ್ಷರ ಕಲಿಯುವ ಜಾಗದಲ್ಲಿ ಮಾತ್ರ ಬಾಯಿ ಬಿಡಿ, ಜನರ ಬಾಯಿಯನ್ನೂ ಬಿಡಿಸಿ. ಅಮೆರಿಕಕ್ಕೆ ಹೋಗಬೇಕಾದರೆ ಓದಲು ಬರಬೇಕು. ಅದಕ್ಕೆ ಆಕೆ ಊರ ಶಾಲೆಯಲ್ಲಿ ಸಣ್ಣ ಮಕ್ಕಳ ಜೊತೆ ಕೂತು ಎ, ಬಿ, ಸಿ ಕಲಿಯುತ್ತಾಳೆ. ನಮ್ಮ ಹಾಲ್‌ನ ಮಕ್ಕಳು ತಾವಾಗಿಯೇ ಜೋರಾಗಿ ಹೇಳಿಕೊಟ್ಟರು. ನಾನು ತಡೆಯಲಿಲ್ಲ. ಆಮೇಲೆ ನ್ಯೂಯಾರ್ಕಿನ ಎಲ್ಲಿಸ್ ಐಲೆಂಡಿನಲ್ಲಿ, ವಲಸೆ ಬಂದವರನ್ನು ತಪಾಸಣೆ ಮಾಡುವ ಜಾಗದಲ್ಲಿ, ಅಧಿಕಾರಿ ಮುಂದೆ ನಿಂತಾಗ ಆಕೆಗೆ ಎಲ್ಲ ಮರೆತುಹೋಗುತ್ತದೆ. ಅಷ್ಟು ಹೊತ್ತು ಕೂಗಿದ ಮಕ್ಕಳು ಆಗ ಕೂಗಿದ್ದೇ ಬೇರೆ ರೀತಿ. ಓದಿನ ಪರೀಕ್ಷೆ ಅನ್ನುವುದು ಅಮೆರಿಕದ 1917ರ ಕಾನೂನು, 30ರಿಂದ 40 ಪದ ಓದಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಅಲ್ಲಿ ನೆಲೆಸಿದ ಮಗ ಕರೆಸಿಕೊಳ್ಳುವ ತಾಯಿಗೆ ಆ ಕಾನೂನಿನಲ್ಲೇ ವಿನಾಯಿತಿ ಇತ್ತು. ಸಿನಿಮಾದವರು ಕಥೆಗಾಗಿ ಅದನ್ನು ಪಕ್ಕಕ್ಕಿಟ್ಟಿದ್ದಾರೆ. ಹಾಲ್‌ನಲ್ಲಿ ಇದನ್ನು ಹೇಳಿ ರಸ ಕೆಡಿಸಬೇಡಿ.

ಪರದೆ, ಲ್ಯಾಪ್‌ಟಾಪ್

ಹಳೇ ಚಿತ್ರದ ಚೌಕ ಇವತ್ತಿನ ಟಿವಿಯಷ್ಟು ಅಗಲ ಇಲ್ಲ. ಹೆಚ್ಚುಕಡಿಮೆ 4:3. 8 ಅಡಿ ಅಗಲ, 6 ಅಡಿ ಎತ್ತರದ ಪರದೆ ಸರಿಹೊಂದುತ್ತದೆ. ಪಕ್ಕದಲ್ಲಿ ಕಪ್ಪು ಉಳಿಯುತ್ತದಲ್ಲ ಅಂತ ಎಳೆದು ತುಂಬಿಸಿದರೆ ತಾಯಿಯ ಮುಖ ಊದಿಕೊಂಡ ಹಾಗೆ ಕಾಣುತ್ತದೆ. ಕಪ್ಪು ಇದ್ದರೆ ಇರಲಿ. ಪರದೆ ಇಲ್ಲವೇ? ಇಸ್ತ್ರಿ ಮಾಡಿದ ದಪ್ಪ ಬಿಳಿ ಬೆಡ್‌ಶೀಟ್ ಸಾಕು. ಹಿಂದೆ ಕಪ್ಪು ಬಟ್ಟೆ ಕಟ್ಟಿ, ನಾಲ್ಕೂ ಕಡೆ ಬಿಗಿಯಾಗಿ ಎಳೆಯಿರಿ.

ಮೂಕಿ ಚಿತ್ರ ಅಂದರೆ ಎಲ್ಲರೂ ದಡಬಡ ಓಡುತ್ತಾರೆ ಅನ್ನುವ ಅಭಿಪ್ರಾಯ ಇದೆ. ಅದು ಚಿತ್ರದ ತಪ್ಪಲ್ಲ. ಆಗ ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 20 ಫ್ರೇಮ್ ಅಂದುಕೊಳ್ಳಿ. ಆಮೇಲೆ 24ರ ವೇಗದಲ್ಲಿ ಓಡಿಸಿದರೆ ಕುಣಿದ ಹಾಗೇ ಕಾಣುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗ ಇಳಿಸಬಹುದು. ಆದರೆ 'ಫೋರ್ ಸನ್ಸ್'ಗೆ ಅದು ಬೇಡ. ಫಾಕ್ಸ್‌ನವರು ಮೂವಿಟೋನ್ ಅನ್ನುವ ಕ್ರಮದಲ್ಲಿ ಸಂಗೀತ, ಸದ್ದು ಕೂಡಿಸಿಯೇ ಅದನ್ನು ಬಿಡುಗಡೆ ಮಾಡಿದ್ದರು, ಮಾತು ಮಾತ್ರ ಇರಲಿಲ್ಲ. ಸದ್ದು ಕೂಡಿಸಿದ ಚಿತ್ರ 24ರ ವೇಗಕ್ಕೇ ಆಗಿರುವುದರಿಂದ ವೇಗ ಸರಿಯಾಗಿಯೇ ಇರುತ್ತದೆ.

ಲ್ಯಾಪ್‌ಟಾಪಿನ ಸ್ಕ್ರೀನ್‌ಸೇವರ್, ಅಪ್‌ಡೇಟ್, ವಾಟ್ಸಾಪ್ ಎಲ್ಲ ಮೊದಲೇ ಬಂದ್. ಯುಪಿಎಸ್ ಇರಲಿ. ಜನರೇಟರ್ ಹಾಲ್‌ನ ಹಿಂದೆ ಎಷ್ಟು ದೂರ ವೈರ್ ಇದೆಯೋ ಅಷ್ಟು ದೂರ. ಮೂಕಿ ಚಿತ್ರಕ್ಕೆ ಡೀಸೆಲ್ ಸಂಗೀತ ಆಗಬಾರದು.

ಸದ್ದು

ನಾನು ಭಜನಾ ಮಂಡಳಿಯ ಒಬ್ಬ ಹಾರ್ಮೋನಿಯಂ ಹುಡುಗನನ್ನು ಕೂರಿಸುತ್ತೇನೆ. ಒಂದೇ ವಾದ್ಯ. ತಬಲ ಬೇಡ, ವಾಲಗ ಅಂತೂ ಬೇಡವೇ ಬೇಡ. ಸಿನಿಮಾ ಹಾಡು ನುಡಿಸಬಾರದು ಅಂತ ಮೊದಲೇ ಹೇಳಿರುತ್ತೇನೆ. ಜನ ಹಾಡಿಗೆ ಪದ ಹಾಕಿಕೊಳ್ಳುತ್ತಾರೆ, ಕಥೆ ಕೈಬಿಡುತ್ತಾರೆ. ಅವನಿಗೂ ಕೆಂಪು ಪೆನ್ನಿನ ಪಟ್ಟಿಯ ನಕಲು ಕೊಡಿ. ನನ್ನ ಮೈಕ್ ನಿಂತಲ್ಲಿ ಅವನ ಕೈಯೂ ನಿಲ್ಲಬೇಕು.

ಉತ್ಸಾಹದ ಹುಡುಗರು ಯಾವ ಊರಿನಲ್ಲೂ ಇರುತ್ತಾರೆ. ಯುದ್ಧದ ದೃಶ್ಯಕ್ಕೆ ಪಟಾಕಿ ಹೊಡೆಯೋಣ, ಕೋವಿಯ ಸದ್ದು ಸ್ಪೀಕರಿನಲ್ಲಿ ಹಾಕೋಣ ಅನ್ನುತ್ತಾರೆ. ಬೇರೆ ಜಿಲ್ಲೆಯಲ್ಲಿ ಏನೋ ಗೊತ್ತಿಲ್ಲ, ಇಲ್ಲಿ ಖಂಡಿತ ಬೇಡ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಸಂಜೆ ಹೊತ್ತು ಹಾಲ್ ಕಡೆಯಿಂದ ಜೋಡಿ ಗುಂಡಿನ ಸದ್ದು ಕೇಳಿಸಿದರೆ ಆಚೆ ಗುಡ್ಡದ ಮನೆಯವರು ಯಾರಿಗೇನಾಯಿತು ಅಂತ ಜೀಪು ಹತ್ತುತ್ತಾರೆ. ಮೂಲ ಪ್ರತಿಯ ಸದ್ದನ್ನೇ ಹಾಕುವುದಾದರೂ ಯುದ್ಧದ ಭಾಗದಲ್ಲಿ ವಾಲ್ಯೂಂ ಇಳಿಸಿಬಿಡಿ.

ದಿನ, ಹೊತ್ತು

ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ಶೀಟ್ ಮಾಡಿನ ಮೇಲೆ ಮಳೆ ಬಿದ್ದರೆ ಮೈಕ್ ಕೇಳಿಸುವುದಿಲ್ಲ, ಕರೆಂಟ್ ಅಂತೂ ಇರುವುದಿಲ್ಲ. ಕಾಫಿ ಕೊಯ್ಲು ಜೋರಾದ ಮೇಲೆ ಜನಕ್ಕೆ ಪುರುಸೊತ್ತಿಲ್ಲ. ಕಾವೇರಿ ಸಂಕ್ರಮಣ ಮುಗಿದು ಕೊಯ್ಲು ಬಿಗಿಯಾಗುವ ಮುಂಚೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಅದರ ಹತ್ತಿರದ ಭಾನುವಾರ ನನಗೆ ಅನುಕೂಲ.

ರಾತ್ರಿ ಆಟ ಬೇಡ. ಧ್ವನಿವರ್ಧಕಕ್ಕೆ ರಾತ್ರಿ 10ರ ಗಡಿ ಇದೆ, ಮೈಕಿಗೆ ಪೊಲೀಸ್ ಅನುಮತಿ ಮೊದಲೇ ತೆಗೆದಿಡಬೇಕು, ಅದು ಒಂದು. ಅದಕ್ಕಿಂತ ದೊಡ್ಡದು ಆನೆ. ಸಿನಿಮಾ ಮುಗಿಸಿ ತೋಟದ ದಾರಿಯಲ್ಲಿ ಕತ್ತಲಲ್ಲಿ ನಡೆದು ಹೋಗುವವರಿಗೆ ನೀವೇ ಜವಾಬ್ದಾರಿ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ, ಐದಕ್ಕೆ ಮುಗಿಸಿ. ಕಿಟಕಿಗೆಲ್ಲ ಶಾಮಿಯಾನದ ದಪ್ಪ ಬಟ್ಟೆ ಕಟ್ಟಿದರೆ ಕತ್ತಲಾಗುತ್ತದೆ. 3000 ಲ್ಯೂಮೆನ್‌ಗಿಂತ (ಪ್ರೊಜೆಕ್ಟರಿನ ಬೆಳಕಿನ ಅಳತೆ ಅದು) ಕಮ್ಮಿಯದ್ದು ಹಗಲಿಗೆ ಸಾಲದು.

ಸ್ವಾಗತ, ಗಣ್ಯರು, ವಂದನಾರ್ಪಣೆ ಎಲ್ಲ ಸಿನಿಮಾಕ್ಕೆ ಮೊದಲೇ ಮುಗಿಯಲಿ. ಐದು ನಿಮಿಷ. ಮುಗಿದ ಮೇಲೆ ಯಾರಿಗೂ ಮೈಕ್ ಕೊಡಬೇಡಿ, ಅಧ್ಯಕ್ಷರು ಕೇಳಿದರೂ. ಟ್ಯೂಬ್‌ಲೈಟ್ ಫಟ್ಟನೆ ಹಾಕಬೇಡಿ, ಕಣ್ಣು ಒರೆಸಿಕೊಳ್ಳುವವರು ಇರುತ್ತಾರೆ. ಬಾಗಿಲ ಪರದೆ ಸರಿಸಿದರೆ ಸಾಕಷ್ಟು ಬೆಳಕು ಬರುತ್ತದೆ. ಬೆಲ್ಲದ ಕಾಫಿ ಹೊರಗೆ ಇಡಿ. ಮಾತು ಅಲ್ಲಿ ತಾನಾಗಿ ಶುರುವಾಗುತ್ತದೆ.

ಅಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಆ ಯುದ್ಧಕ್ಕೆ ನಮ್ಮವ್ರೂ ಹೋಗಿದ್ರಾ?" ಹೋಗಿದ್ದರು. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಹೊರದೇಶಕ್ಕೆ ಹೋದರು, ಸುಮಾರು 74,000 ಜನ ಸತ್ತರು. ಇಷ್ಟು ನೆನಪಿಟ್ಟುಕೊಂಡಿರಿ. ಇನ್ನೂ ಆಸಕ್ತಿ ತೋರಿಸುವ ಶಾಲೆ ಮಕ್ಕಳಿಗೆ ಮಡಿಕೇರಿಯ ಸನ್ನಿಸೈಡ್ ತೋರಿಸಿ, ಜನರಲ್ ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ.

ನನ್ನ ನೋಟ್‌ಬುಕ್ ಬೇಕು ಅಂದವರಿಗೆ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಆದರೆ ನಿಮ್ಮ ಪ್ರತಿ ಮತ್ತು ನನ್ನ ಪ್ರತಿ ಒಂದೇ ಉದ್ದ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಒಂದೊಂದು ಪ್ರತಿಯಲ್ಲಿ ಶುರುವಿನ ಬರಹ ಹೆಚ್ಚು ಕಡಿಮೆ ಇರುತ್ತದೆ, ಆಗ ಮೊದಲ ಕಾಲಂನ ನಿಮಿಷಗಳು ಹೊಂದುವುದಿಲ್ಲ. ಎರಡನೇ ಕಾಲಂ ನೋಡಿಕೊಂಡು ಮನೆಯಲ್ಲಿ ಒಮ್ಮೆ ಪೂರ್ತಿ ಓಡಿಸಿ, ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.